ಮೂಗಿನ ನೇರಕ್ಕೆ

೧೮೪೪ನೇ ಇಸವಿ ಡಿಸೆಂಬರ್ ೩೧, ಮಂಗಳವಾರ
ಕುಮಟೆಯ ಮೇಲಿನ ಕೆಂಪುಕಲ್ಲು ಗುಡ್ಡ

ಲೋಲಾ ರೆಮೆದಿಯೋಸ್ ಅವರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಮೊಮ್ಮಕ್ಕಳ ಸಾಲಿನಲ್ಲಿ ಎಲ್ಲೋ ಹುಟ್ಟಿದ ಲಿಗಾಯ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಾನು ನಿಮಗಿಂತ ಹಿಂದಿನವಳಲ್ಲ, ಮುಂದಿನವಳು. ನೀವು ಇಪ್ಪತ್ತೊಂದನೇ ಶತಮಾನದ ಮೊದಲ ಭಾಗದಲ್ಲಿ, ಫಿಲಿಪ್ಪೀನ್ಸಿನ ಸಣ್ಣ ಊರೊಂದರಲ್ಲಿ, ಮನೆಯ ಮೆಟ್ಟಿಲ ಮೇಲೆ ಕೂತು ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದೀರಿ. ನಾನು ಹುಟ್ಟಲು ಇನ್ನೂ ಇನ್ನೂರು ವರ್ಷದ ಮೇಲಿದೆ. ನನ್ನ ಭಾಷೆಗೂ ನಿಮ್ಮ ಕ್ಷಮೆ ಇರಲಿ. ಇದು ಕನ್ನಡ. ನಿಮ್ಮ ಮಾತು ನಮ್ಮ ಮನೆಯಲ್ಲಿ ಉಪ್ಪಿನಕಾಯಿಯಷ್ಟು ಉಳಿದಿದೆ. ನೆಂಚಿಕೊಳ್ಳಲು ಸಾಕು, ಹೊಟ್ಟೆ ತುಂಬುವುದಿಲ್ಲ. ಹೊಟ್ಟೆಯೊಳಗಿನದನ್ನೆಲ್ಲ ಹೇಳಬೇಕಾದರೆ ನನಗೆ ಕನ್ನಡವೇ ಬೇಕು. ಹಿರಿಯರೊಡನೆ ಮಾತಾಡುವಾಗ ನೀವು ಸೇರಿಸುವ ‘ಪೋ’ ಎಂಬ ಮರ್ಯಾದೆಯ ಮಾತನ್ನು ನಾನು ‘ನೀವು’ ಎನ್ನುವುದರೊಳಗೆ ಇಟ್ಟಿದ್ದೇನೆ. ಅಜ್ಜಿ ಎನ್ನುವ ನಿಮ್ಮ ‘ಲೋಲಾ’ ಎಂಬ ಮಾತನ್ನು ಹಾಗೇ ಉಳಿಸಿಕೊಂಡಿದ್ದೇನೆ. ಎಲ್ಲಾದರೂ ತಪ್ಪಿ ಏರುದನಿ ಬಂದರೆ ಅದು ಮರ್ಯಾದೆ ಮರೆತದ್ದಲ್ಲ, ಸಿಟ್ಟು.

ನಮ್ಮ ದ್ವೀಪಗಳಿಗೆ ಈ ತಾರೀಖು ಬರಲೇ ಇಲ್ಲ. ಸ್ಪೇನಿನವರು ಮೆಕ್ಸಿಕೊ ಕಡೆಯಿಂದ ಸಮುದ್ರ ದಾಟಿ ಬಂದವರು. ಹಾಗಾಗಿ ಅವರು ತಂದ ಪಂಚಾಂಗ ನೆರೆಹೊರೆಯ ದೇಶಗಳಿಗಿಂತ ಒಂದು ದಿನ ಹಿಂದೆ ನಡೆಯುತ್ತಿತ್ತು. ಮುನ್ನೂರು ವರ್ಷ ಹತ್ತಿರವಾದ ಮೇಲೆ ಯಾರಿಗೋ ಇದು ಸರಿಯಲ್ಲ ಅನ್ನಿಸಿ, ಆಗಿನ ಗವರ್ನರ್ ಒಂದು ಅಪ್ಪಣೆ ಹೊರಡಿಸಿದ. ಜನ ಸೋಮವಾರ ಮಲಗಿ ಬುಧವಾರ ಎದ್ದರು. ಗುಡ್ಡದ ಮೇಲಿನ ನಾವು ಪ್ರತಿ ವರ್ಷ ಇದನ್ನು ‘ಇಲ್ಲದ ದಿನ’ ಎಂದು ಆಚರಿಸುತ್ತೇವೆ. ಇವತ್ತು ಯಾರೂ ನೀರಿಗಿಳಿಯುವುದಿಲ್ಲ, ಯಾರನ್ನೂ ಅಡ್ಡಹೆಸರು ಹಿಡಿದು ಕರೆಯುವುದಿಲ್ಲ. ಕಾಲದ ಲೆಕ್ಕಕ್ಕೇ ಸಿಗದ ದಿನವಾದ್ದರಿಂದ ಇವತ್ತು ಬರೆದ ಕಾಗದ ಸತ್ತವರಿಗೂ ತಲುಪುತ್ತದೆ ಎಂದು ನಂಬಿಕೆ. ಬಿದಿರಿನ ಅಂಡೆಯೊಳಗಿಟ್ಟು, ಬಾಯಿಗೆ ಮೇಣ ಮೆತ್ತಿ, ಇಳಿತದ ಹೊತ್ತಿಗೆ ಅಘನಾಶಿನಿಯ ನೀರಿಗೆ ಬಿಡುತ್ತೇವೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ನಾಳೆ ನನ್ನನ್ನೂ ನನ್ನ ಮಗಳು ತಾಲಾಳನ್ನೂ ಮೂಲಸಭೆ ಕರೆದಿದೆ. ಅಲ್ಲಿ ಕೇಳುವ ಪ್ರಶ್ನೆ ನಿಮ್ಮ ಬಗ್ಗೆ. ಅದಕ್ಕೆ ಮೊದಲು ನಿಮಗೆ ಹೇಳಿಬಿಡಬೇಕು.

ನಿಮ್ಮ ಊರು ಈಗ ನೀರಿನಡಿ ಇದೆ. ಒಂದೇ ದಿನ ಮುಳುಗಲಿಲ್ಲ. ಮೊದಲು ಗದ್ದೆಗೆ ಉಪ್ಪು ಬಂತಂತೆ, ಆಮೇಲೆ ಬಾವಿಗೆ, ಆಮೇಲೆ ಇಗರ್ಜಿಯ ಮೆಟ್ಟಿಲಿಗೆ. ನಮ್ಮವರು ಲೋಕದವರ ಹಡಗುಗಳಲ್ಲೆಲ್ಲ ದುಡಿದವರಾದ್ದರಿಂದ ಹಡಗು ಹತ್ತುವುದು ಹೊಸದಲ್ಲ; ಇಳಿಯುವ ಊರು ಮಾತ್ರ ಇರಲಿಲ್ಲ. ನಮ್ಮ ಹಡಗು ಈ ಕರಾವಳಿಗೆ ಬಂದು ತಾಗಿತು. ಇಲ್ಲಿಯೂ ಹಳೆಯ ಕುಮಟೆ ಮುಳುಗಿದೆ. ಮುಳುಗಿದ ಮಹಡಿಮನೆಗಳ ಮೇಲಿನ ಕೋಣೆಗಳಲ್ಲಿ ಬಳಚು ಬೆಳೆಸುವುದು ನಮ್ಮ ಕಸುಬು. ಬಳಚು ಎಂದರೆ ಚಿಪ್ಪಿನೊಳಗಿನ ಮಾಂಸ, ನಿಮಗೆ ಗೊತ್ತಿರುವಂಥದ್ದೇ. ಇಳಿತ ಬಂದಾಗ ಕಿಟಕಿಯಿಂದ ಒಳಗಿಳಿದು, ಯಾರೋ ಮಲಗುತ್ತಿದ್ದ ಕೋಣೆಯ ಗೋಡೆಯಿಂದ ಚಿಪ್ಪು ಕೆರೆದು ತರುತ್ತೇವೆ. ಅಂಥ ಒಂದು ಕೋಣೆಯ ಗೋಡೆ ಕುಸಿದು ನನ್ನ ಗಂಡ ತೀರಿಹೋದ. ಅಮ್ಮ ಬಳಚಿನ ಅದೋಬೊ ಮಾಡುತ್ತಾಳೆ. ವಿನೆಗರ್ ಇಲ್ಲ, ಮುರುಗಲ ಹುಳಿ ಹಾಕುತ್ತಾಳೆ. ಪಕ್ಕದ ಮನೆಯ ನಾಗವೇಣಿ ಅದನ್ನು ತಿಂದು, ಇದು ನಮ್ಮ ಹುಳಿಸಾರೇ ಅಲ್ಲವೇ, ಅದಕ್ಕೆ ಇಷ್ಟು ದೊಡ್ಡ ಹೆಸರೇಕೆ ಎನ್ನುತ್ತಾಳೆ.

ಇಲ್ಲಿಯವರು ನಮ್ಮನ್ನು ‘ಪಿಲಪ್ಪನವರು’ ಎಂದು ಕರೆಯುತ್ತಾರೆ. ಫಿಲಿಪ್ಪೀನ್ಸ್ ಎಂಬುದು ಅವರ ಬಾಯಲ್ಲಿ ಹೀಗಾಗಿದೆ. ಪಿಲಪ್ಪ ಎಂಬ ಹಿರಿಯನೊಬ್ಬ ಇದ್ದ, ಇವರೆಲ್ಲ ಅವನ ಮಕ್ಕಳು ಎಂದೇ ಬಹಳ ಜನರ ತಿಳಿವಳಿಕೆ. ಪೂರಾ ತಪ್ಪೂ ಅಲ್ಲ. ಫಿಲಿಪ್ಪ ಎಂಬ ಸ್ಪೇನಿನ ರಾಜನ ಹೆಸರನ್ನೇ ತಾನೆ ನಮ್ಮ ದ್ವೀಪಗಳಿಗೆ ಇಟ್ಟದ್ದು? ಅವನು ನಮ್ಮನ್ನು ಕಂಡವನಲ್ಲ, ನಾವು ಅವನನ್ನು ಕಂಡವರಲ್ಲ. ಕನ್ನಡಕ್ಕೆ ಬಂದ ಮೇಲೆ ಅವನ ಹೆಸರಿನೊಳಗೆ ಅಪ್ಪನೂ ಸೇರಿಕೊಂಡ. ಹೆತ್ತವನಲ್ಲ, ಸಾಕಿದವನಲ್ಲ, ಹೆಸರಿಗೆ ಮಾತ್ರ ಅಪ್ಪ.

ಈ ಅಪ್ಪನಿಂದಲೇ ನಮಗೆ ಕುತ್ತಿಗೆಗೆ ಬಂದಿದೆ. ಒಣ ನೆಲ ಕಡಿಮೆಯಾದ ಮೇಲೆ ಎಲ್ಲ ಕರಾವಳಿಗಳವರೂ ಸೇರಿ ಒಂದು ನಿಯಮ ಮಾಡಿಕೊಂಡರು. ಯಾರ ಮೂಲನೆಲ ಮುಳುಗಿದೆಯೋ ಅವರಿಗೆ ಇಳಿದ ಜಾಗದಲ್ಲಿ ‘ಒಣಪಾಲು’ ಕೊಡಬೇಕು, ಅಂದರೆ ಎಂದೂ ನೀರು ಏರದ ಒಂದು ತುಂಡು ನೆಲ. ಆದರೆ ಗೆದ್ದು ಆಳಿದವರ ವಂಶಸ್ಥರಿಗೆ ಅದು ಇಲ್ಲ. ಅವರ ತವರಿನಲ್ಲಿ ಒಣ ನೆಲ ಇದೆ, ಅಲ್ಲಿಗೇ ಹೋಗಲಿ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಯಾರು ಯಾವ ಕಡೆಯವರು ಎಂದು ತೀರ್ಮಾನಿಸಲು ಮೂಲಸಭೆ ಕೂರುತ್ತದೆ. ಮೊದಲು ರಕ್ತ ನೋಡಿದರು. ನಮ್ಮ ರಕ್ತದಲ್ಲಿ ಎಲ್ಲ ಊರಿನ ನೀರೂ ಇತ್ತು, ಆದ್ದರಿಂದ ಅದನ್ನು ಬಿಟ್ಟು ಹೆಸರು, ಮಾತು, ಮುಖ ನೋಡತೊಡಗಿದರು.

ಹೆಸರಿನಲ್ಲೇ ನಾವು ಸೋತೆವು. ಆ ದಿನ ಕಿತ್ತುಕೊಂಡ ಗವರ್ನರ್ ನಾಲ್ಕೈದು ವರ್ಷ ಕಳೆದು ಅಡ್ಡಹೆಸರುಗಳ ದೊಡ್ಡ ಪುಸ್ತಕ ಮಾಡಿಸಿ, ತೆರಿಗೆ ವಸೂಲಿಗೆ ಅನುಕೂಲವಾಗಲಿ ಎಂದು ಊರೂರಿಗೆ ಹಂಚಿದ್ದು ನಿಮಗೆ ಗೊತ್ತು. ನಿಮ್ಮ ಊರಿಗೆ ‘ರ’ ಅಕ್ಷರದ ಹಾಳೆ ಬಂತು. ಊರಿಗೆ ಊರೇ ‘ರ’ ಆಯಿತು. ನಮ್ಮ ಮನೆತನಕ್ಕೆ ಸಿಕ್ಕಿದ್ದು ರಿಂಕೋನ್. ಸ್ಪ್ಯಾನಿಷಿನಲ್ಲಿ ಅದಕ್ಕೆ ಮೂಲೆ ಎಂದು ಅರ್ಥವಂತೆ. ಮೂಲ ಕೇಳಿದ ಸಭೆಗೆ ನಾವು ಮೂಲೆ ತೋರಿಸಿದ ಹಾಗಾಯಿತು. ಅಮ್ಮ ಬೇರೆ ಊರಿನವಳು. ಅವಳ ತವರಿನ ಹೆಸರು ದಿಮಾಯುಗ, ಅಲುಗಾಡಿಸಲಾಗದ್ದು ಎಂದು ನಮ್ಮದೇ ಭಾಷೆಯ ಅರ್ಥ. ಹೇಗೋ ಆ ಪುಸ್ತಕದ ಕೈಗೆ ಸಿಗದೆ ಉಳಿದ ಹೆಸರು. ಹಾಗಾಗಿ ಅಮ್ಮನಿಗೆ ಒಣಪಾಲು ಸಿಕ್ಕಿತು, ಅಪ್ಪನನ್ನು ವಿಚಾರಣೆಗೆ ಕರೆದರು.

ನನ್ನ ಅಪ್ಪನ ಹೆಸರು ಇಸಿದ್ರೊ; ಇಲ್ಲಿಯವರ ಬಾಯಲ್ಲಿ ಸಿದ್ದಣ್ಣ. ಎಂದೂ ಯಾರಿಗೂ ಎದುರಾಡಿದವನಲ್ಲ. ಅಷ್ಟೇ ಅಲ್ಲ, ‘ಇಲ್ಲ’ ಎಂದವನೂ ಅಲ್ಲ. ನಮ್ಮ ಜನಕ್ಕೇ ಅದು ಬರುವುದಿಲ್ಲ ಎಂದು ನಿಮಗೆ ಬೇರೆ ಹೇಳಬೇಕೆ? ದೊಡ್ಡವರು ಕೇಳಿದ್ದಕ್ಕೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ಸಂಸ್ಕಾರವಲ್ಲ ಎಂದು ನೀವೇ ಕಲಿಸಿದ್ದು. ಅದಕ್ಕೇ ಅಲ್ಲವೇ ‘ಸಿಗೂರೊ’ ಎಂಬ ಮಾತು ನಮ್ಮ ನಾಲಿಗೆಯ ಮೇಲೆ ಸದಾ ಇರುವುದು. ಇವತ್ತು ಮಳೆ ಬರುತ್ತದೆಯೇ? ಸಿಗೂರೊ. ಅವನು ಸಾಲ ತೀರಿಸುತ್ತಾನೆಯೇ? ಸಿಗೂರೊ. ಇರಬಹುದು, ಗೊತ್ತಿಲ್ಲ, ದೇವರಿಟ್ಟಂತೆ, ಈಗ ಆ ಮಾತು ಬಿಡಿ, ಇಷ್ಟೂ ಆ ಒಂದು ಪದದಲ್ಲಿದೆ. ನಾಗವೇಣಿ ಮೊದಲ ಸಲ ಕೇಳಿದಾಗ ಅದನ್ನು ಊರಿನ ಹೆಸರು ಅಂದುಕೊಂಡು, “ಸಿಗೂರು ಯಾವ ತಾಲೂಕು, ಸಿದ್ದಣ್ಣ?” ಎಂದು ಕೇಳಿದ್ದಳು. ಅಪ್ಪ ನಕ್ಕು, ನನಗೂ ಗೊತ್ತಿಲ್ಲ ತಂಗಿ, ಹುಡುಕುತ್ತಾ ಇದ್ದೇನೆ ಎಂದಿದ್ದ.

ಆದರೆ ಆ ಮಾತು ನಮ್ಮದಲ್ಲ. ಅದೂ ಸ್ಪೇನಿನವರದೇ. ಅವರಲ್ಲಿ ಅದಕ್ಕೆ ‘ಖಂಡಿತ’ ಎಂದು ಅರ್ಥ. ಖಂಡಿತ ಎನ್ನುವ ಮಾತು ನಮ್ಮ ಬಾಯಿಗೆ ಬಂದು ಬಹುಶಃ ಆಯಿತು. ಯಾಕೆ ಹೀಗಾಯಿತು ಎಂದು ನನ್ನ ಅಜ್ಜಿಯನ್ನು ಕೇಳಿದರೆ, ತೆರಿಗೆ ಕಡಿಮೆ ಮಾಡುತ್ತೇವೆ ಖಂಡಿತ, ಬಿಟ್ಟಿ ದುಡಿಮೆ ನಿಲ್ಲಿಸುತ್ತೇವೆ ಖಂಡಿತ ಎಂದು ಅವರು ಅಂದದ್ದನ್ನು ಮುನ್ನೂರು ವರ್ಷ ಕೇಳಿದ ಕಿವಿಗೆ ಮತ್ತೇನು ಅರ್ಥ ಹೊಳೆಯಬೇಕು ಮಗಳೇ ಎನ್ನುತ್ತಿದ್ದಳು. ಪಂಡಿತರು ಒಪ್ಪುತ್ತಾರೋ ಬಿಡುತ್ತಾರೋ, ನನಗೆ ಅದು ಒಪ್ಪಿಗೆ.

ಅಪ್ಪ ಸಭೆಗೆ ಹೋಗುವಾಗ ನಿಮ್ಮನ್ನು ಜೊತೆಗೆ ಒಯ್ದ. ನಿಮ್ಮದೊಂದು ಚಿತ್ರ ನಮ್ಮ ಮನೆಯಲ್ಲಿತ್ತು, ಮಾತಾಡುವ ಚಿತ್ರ. ನಿಮ್ಮ ಕಾಲದ ಫೋನಿನಲ್ಲಿ ಯಾರೋ ಹಿಡಿದದ್ದು. ಪ್ರತಿ ‘ಇಲ್ಲದ ದಿನ’ವೂ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೆವು. ಬಿದಿರಿನ ಮೆಟ್ಟಿಲು, ಒಣಹಾಕಿದ ಮೀನು, ತೊಡೆಯ ಮೇಲೆ ಮಗು. ನೀವು ಹೆಬ್ಬೆರಳು ತೋರುಬೆರಳಿಗೆ ತೆಂಗಿನೆಣ್ಣೆ ಮುಟ್ಟಿಸಿಕೊಂಡು ಮಗುವಿನ ಮೂಗನ್ನು ಮೇಲಿನಿಂದ ಕೆಳಗೆ ಹಿಂಡುತ್ತೀರಿ. ಮೂಗು ಚೂಪಾಗಲಿ ಎಂದು. ದಿನಾ ಬೆಳಿಗ್ಗೆ ಹೀಗೆ ಮಾಡಿದರೆ ಚಪ್ಪಟೆ ಮೂಗು ಎದ್ದು ನಿಲ್ಲುತ್ತದೆ ಎಂದು. ಆಮೇಲೆ ಚಿತ್ರ ಹಿಡಿಯುವವರ ಕಡೆ ತಿರುಗಿ, ನಮ್ಮ ಮುತ್ತಜ್ಜನ ಅಪ್ಪ ಸ್ಪೇನಿನವನು, ಆ ಮೂಗು ಈ ಮನೆಗೆ ವಾಪಸು ಬರಬೇಕು ಎಂದು ನಗುತ್ತೀರಿ. ನಕ್ಕ ಮೇಲೆ ಇನ್ನೊಂದು ಮಾತು ಸೇರಿಸುತ್ತೀರಿ. ಸಿಗೂರೊ, ಎನ್ನುತ್ತೀರಿ.

ನಾವು ದ್ವೀಪದವರೇ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಅಪ್ಪ ಲೆಕ್ಕ ಹಾಕಿದ್ದ. ಆ ಮೆಟ್ಟಿಲು, ಆ ಮೀನು, ಆ ಭಾಷೆ. ಸಭೆಯಲ್ಲಿ ‘ತಿಳಿಗಿವಿ’ ಎಂಬ ಯಂತ್ರವಿದೆ, ತೆಂಗಿನ ಗರಟೆಯಷ್ಟು ಗಾತ್ರ. ಯಾರು ಯಾವ ಭಾಷೆಯಲ್ಲಿ ಹೇಳಿದರೂ ಸಭೆಯವರ ಭಾಷೆಗೆ ತಿರುಗಿಸುತ್ತದೆ. ಮೂಲವನ್ನು ಮೂಲಭಾಷೆಯಲ್ಲೇ ಹೇಳಬೇಕು, ಕನ್ನಡದಲ್ಲಿ ಹೇಳಿದರೆ ಬಾಯಿಪಾಠ ಎನ್ನುವುದು ಆಗಿನ ನಿಯಮ. ತಿಳಿಗಿವಿಗೆ ಸ್ಪ್ಯಾನಿಷ್ ಚೆನ್ನಾಗಿ ಗೊತ್ತು. ನಿಮ್ಮ ಭಾಷೆಯನ್ನು ಆಡುವವರು ಕಡಿಮೆಯಾದ ಮೇಲೆ ಅದಕ್ಕೆ ಕಲಿಸುವ ಗೋಜಿಗೆ ಯಾರೂ ಹೋಗಲಿಲ್ಲ; ಅರ್ಧ ಗೊತ್ತು, ಇನ್ನರ್ಧ ಊಹೆ. ಚಿತ್ರ ಮುಗಿಯಿತು. ಮುತ್ತಜ್ಜನ ಅಪ್ಪ ಸ್ಪೇನಿನವನು, ಖಂಡಿತ, ಎಂದಿತು ಯಂತ್ರ. ಸಭೆಯವರು ಅಪ್ಪನ ಕಡೆ ನೋಡಿ ಇದು ನಿಜವೇ ಎಂದು ಕೇಳಿದರು. ಅಪ್ಪ ಏನು ಹೇಳಬೇಕಿತ್ತು? ಹೌದು ಎನ್ನಲು ಅದು ನಿಜವೋ ಸುಳ್ಳೋ ಅವನಿಗೆ ಗೊತ್ತಿಲ್ಲ. ಅಲ್ಲ ಎಂದರೆ ನಿಮ್ಮನ್ನು ಸುಳ್ಳುಗಾತಿ ಎಂದಂತೆ. ಕೈಕಟ್ಟಿ ನಿಂತು, ತಲೆ ತಗ್ಗಿಸಿ, ಸಿಗೂರೊ ಪೋ ಎಂದ. ಖಂಡಿತ ಸ್ವಾಮಿ, ಎಂದಿತು ಯಂತ್ರ. ಅಲ್ಲಿಗೆ ವಿಚಾರಣೆ ಮುಗಿಯಿತು. ಅಪ್ಪನನ್ನು ಸ್ಪೇನಿಗೆ ಹೋಗುವ ಹಡಗು ಹತ್ತಿಸಿದರು.

ಇನ್ನೊಂದು ಮನೆಯ ಹೆಂಗಸು ಅಪ್ಪನಿಗೆ ಆದದ್ದನ್ನು ನೋಡಿ ಎಚ್ಚರವಾಗಿದ್ದಳು. ಸಿಗೂರೊ ಎನ್ನಲಿಲ್ಲ, ಧೈರ್ಯ ಮಾಡಿ ಇಲ್ಲ ಎಂದೇ ಹೇಳಿದಳು. ನಮ್ಮಲ್ಲಿ ಇಲ್ಲ ಎನ್ನಲು ಇರುವ ಮಾತು ‘ಹಿಂದಿ’. ತಿಳಿಗಿವಿ ತಕ್ಷಣ ಹಿಂದಿಗೆ ತಿರುಗಿ, ಮುಂದಿನ ಪ್ರಶ್ನೆಗಳನ್ನೆಲ್ಲ ಹಿಂದಿಯಲ್ಲಿ ಕೇಳಿತು. ಅವಳು ಕಣ್ಣು ಕಣ್ಣು ಬಿಟ್ಟಳು. ಮೌನಂ ಸಮ್ಮತಿ ಲಕ್ಷಣಂ ಎಂದು ಅವಳನ್ನೂ ಹಡಗಿಗೆ ಹಾಕಿದರು. ಈ ಕಥೆ ಹೇಳಿದರೆ ಇಲ್ಲಿ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ. ಅವಳ ಮಕ್ಕಳು ಈಗ ನಮ್ಮ ಮನೆಯಲ್ಲಿ ಉಣ್ಣುತ್ತಾರೆ.

ಆ ಹಡಗಿಗೆ ‘ತವರುಹಡಗು’ ಎಂದು ಹೆಸರು. ಹೆಸರಿಟ್ಟವರಿಗೆ ತವರು ಎಂದರೇನೆಂದು ಗೊತ್ತಿರಲಿಲ್ಲ. ಅದು ಸ್ಪೇನಿನ ದಡಕ್ಕೆ ಹೋಯಿತು. ಅಲ್ಲಿಯವರು ಇಳಿಯಗೊಡಲಿಲ್ಲ. ನಮ್ಮ ಹಳೆಯ ದಾಖಲೆಯಲ್ಲಿ ನಿಮ್ಮನ್ನು ನಮ್ಮವರು ಎಂದು ಎಲ್ಲೂ ಬರೆದಿಲ್ಲ, ‘ಇಂದಿಯೊ’ ಎಂದು ಬರೆದಿದೆ, ಎಂದರು. ಇಂದಿಯೊ ಎಂದರೆ ಇಂಡಿಯಾದವನು. ಇಂಡಿಯಾ ಹುಡುಕಿಕೊಂಡು ಹೊರಟು ದಾರಿ ತಪ್ಪಿದವರು ಸಿಕ್ಕ ಸಿಕ್ಕ ಜನಕ್ಕೆಲ್ಲ ಇಟ್ಟ ಹೆಸರು ಅದು. ನಿಮ್ಮ ಅಜ್ಜ ಮುತ್ತಜ್ಜರನ್ನು ಅದೇ ಹೆಸರಿನಿಂದ ಬೈದರು, ಹೊಡೆದರು, ದುಡಿಸಿದರು. ಆಗ ಫಿಲಿಪಿನೊ ಎಂದರೆ ನಮ್ಮ ದ್ವೀಪದಲ್ಲಿ ಹುಟ್ಟಿದ ಸ್ಪೇನಿನವನು ಮಾತ್ರ. ಆ ಹೆಸರನ್ನು ನಾವು ನಮ್ಮದು ಎನ್ನುವ ಹೊತ್ತಿಗೆ ಎಷ್ಟು ಹೆಣ ಬಿದ್ದಿದ್ದವು. ಇಂಡಿಯಾ ಕಾಣದ ಕಾಲಕ್ಕೆ ನಾವು ಇಂಡಿಯಾದವರಾಗಿದ್ದೆವು. ನಿಜವಾಗಿ ಇಂಡಿಯಾದ ದಡಕ್ಕೆ ಬಂದಾಗ ಸ್ಪೇನಿನವರಾದೆವು. ಎಲ್ಲರೂ ಅವರವರ ಮೂಗಿನ ನೇರಕ್ಕೆ ಮಾತಾಡುತ್ತಾರೆ ಎಂದು ಇಲ್ಲೊಂದು ಮಾತಿದೆ. ನಮ್ಮ ಮೂಗನ್ನು ಮಾತ್ರ ಯಾವ ನೇರಕ್ಕೂ ನಿಲ್ಲಗೊಡಲಿಲ್ಲ.

ಹಡಗು ಆ ದಡದ ಹೊರಗೆ ಲಂಗರು ಹಾಕಿ ನಿಂತಿತು. ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ಮೊದಮೊದಲು ಹಡಗಿನ ರೇಡಿಯೊದಲ್ಲಿ ಅಪ್ಪನ ದನಿ ಬರುತ್ತಿತ್ತು. ನೀರು ಅಳೆದು ಕೊಡುತ್ತಾರೆ, ಪರವಾಗಿಲ್ಲ ಎನ್ನುತ್ತಿದ್ದ. ಜೊತೆಯಲ್ಲಿದ್ದವರು ಒಬ್ಬೊಬ್ಬರೇ ತೀರಿಕೊಂಡದ್ದನ್ನು, ಅವರು ಮಲಗಿದರು ಎಂದು ಹೇಳುತ್ತಿದ್ದ. ಕೊನೆಯ ಸಲ ಮಾತಾಡಿದಾಗ ಅಮ್ಮ ಕೇಳಿದಳು, ಬರುತ್ತೀರಲ್ಲ? ಅಪ್ಪ ಸಿಗೂರೊ ಎಂದ. ಆಮೇಲೆ ದನಿ ಬರಲಿಲ್ಲ. ಅಮ್ಮ ಅದನ್ನು ಸ್ಪ್ಯಾನಿಷಿನ ಅರ್ಥದಲ್ಲೇ ಹಿಡಿದುಕೊಂಡು ಕೂತಿದ್ದಾಳೆ. ಇಷ್ಟು ವರ್ಷ ಆಡಿದ ತನ್ನ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲದೆ ಅಲ್ಲ.

ನನ್ನದು ಅಪ್ಪನ ಅಡ್ಡಹೆಸರು, ಹಾಗಾಗಿ ಈಗ ನನ್ನ ಸರದಿ. ತಂದೆ ಇಲ್ಲದ ಮಗುವಿನ ಮೂಲ ತಾಯಿಯ ಮಾತಿನ ಮೇಲೆ ನಿಂತಿದೆ, ಆದ್ದರಿಂದ ನಾನು ಏನೆಂದರೆ ತಾಲಾಳೂ ಅದೇ. ಇಲ್ಲಿಯ ಜನ ಸಭೆಗೆ ಹೋಗಿ ಜಗಳವಾಡಿದ್ದರಿಂದ ಈ ವರ್ಷ ಕನ್ನಡದಲ್ಲಿ ಉತ್ತರ ಕೊಡಬಹುದು, ನಡುವೆ ಯಂತ್ರವಿಲ್ಲ. ತಪ್ಪು ತಿಳಿಯಲು ಯಾರಿಗೂ ಆಸ್ಪದವಿಲ್ಲ. ನಿಮ್ಮ ಚಿತ್ರ ಅವರ ಹತ್ತಿರವೇ ಇದೆ. ಅದನ್ನು ತೋರಿಸಿ, ಈ ಹೆಂಗಸು ನಿನ್ನವಳೇ ಎಂದು ಕೇಳುತ್ತಾರೆ. ಹೌದು ಎಂದರೆ ಹಡಗು. ಇರಬಹುದು ಎಂದರೂ ಹಡಗು. ಸಂಶಯವನ್ನು ಅವರು ನಮ್ಮ ಪಾಲಿಗೆ ಬಿಡುವುದಿಲ್ಲ. ನಾಗವೇಣಿ ಬೆಳಿಗ್ಗೆ ಬಂದು, “ಎಂತಕ್ಕೆ ಇಷ್ಟು ತಲೆ ಕೆಡ್ಸ್ಕಂಬುದು? ಇಲ್ಲ ಹೇಳಿ ಹೇಳ್ಬಿಡು, ಮುಗೀತು. ಸತ್ತವ್ರು ಎದ್ದು ಬಂದು ಕೇಳೂದಿಲ್ಲ” ಎಂದಳು. ಅವಳು ಹೇಳುವುದು ಸರಿ. ಆ ಪದ ನಾಲಿಗೆಗೆ ಕೂರಲಿ ಎಂದು ಬೆಳಗಿನಿಂದ ಹೇಳಿಕೊಳ್ಳುತ್ತಿದ್ದೇನೆ. ಇಲ್ಲ. ಇಲ್ಲ. ಇಲ್ಲದ ದಿನಕ್ಕೆ ತಕ್ಕ ಕೆಲಸ.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಲೋಲಾ. ಆ ಸ್ಪೇನಿನವನು ಇದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇದ್ದಿದ್ದರೆ, ನಿಮ್ಮಂಥ ಊರಿಗೆ ಬರುತ್ತಿದ್ದವನು ಪಾದ್ರಿಯೋ ಸಿಪಾಯಿಯೋ. ಆ ಮೂಗು ನಮ್ಮ ಮನೆಗೆ ಮದುವೆಯ ದಿಬ್ಬಣದಲ್ಲಿ ಬಂದಿರಲಾರದು. ಯಾರದೋ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದ ಹುಡುಗಿಯೊಬ್ಬಳು ಅತ್ತದ್ದು ನಾಲ್ಕು ತಲೆಮಾರಿನ ಮೇಲೆ ನಿಮ್ಮ ಬಾಯಲ್ಲಿ ಹೆಮ್ಮೆಯಾಯಿತು. ನೀವು ಹೆಮ್ಮೆಪಡುವುದಿದ್ದರೆ ಅವಳ ಬಗ್ಗೆ ಪಡಬಹುದಿತ್ತು. ಅವಳ ಹೆಸರೇನು? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾಳೆ ನಾನು ಇಲ್ಲ ಎಂದ ಮೇಲೆ ನೀವೂ ಅವಳ ಜೊತೆಗೆ ಸೇರುತ್ತೀರಿ. ತಾಲಾ ಇನ್ನು ಆ ಚಿತ್ರ ನೋಡುವಂತಿಲ್ಲ. ನಿಮ್ಮ ಹೆಸರನ್ನು ನಾನು ಅವಳಿಗೆ ಹೇಳುವಂತಿಲ್ಲ. ಒಣ ನೆಲ ಸಿಗುತ್ತದೆ. ಅದರ ಮೇಲೆ ನಿಂತು ನೆನೆಯಲು ಹಿರಿಯರು ಇರುವುದಿಲ್ಲ.

ಇದನ್ನು ಬರೆಯ ಕೂರುವ ಮೊದಲು ಒಳಗೆ ಹೋದೆ. ಅಮ್ಮ ತಾಲಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿಗೆ ಎಣ್ಣೆ ಮುಟ್ಟಿಸಿ, ಮೂಗು ಹಿಂಡುತ್ತಿದ್ದಳು. ಮೇಲಿನಿಂದ ಕೆಳಕ್ಕೆ, ನೀವು ಮಾಡಿದ ಹಾಗೆಯೇ. ತಾಲಾಳದು ಗುಂಡಗೆ, ಚಪ್ಪಟೆ ಮೂಗು. ನಾಳೆ ಸಭೆಯಲ್ಲಿ ನಮ್ಮ ಪರವಾಗಿ ಇರುವ ಒಂದೇ ಸಾಕ್ಷಿ. ನಾನು ಅಮ್ಮನ ಕೈಯನ್ನು ಕಿತ್ತು ತೆಗೆದೆ. ಜೀವನದಲ್ಲಿ ಮೊದಲ ಸಲ ಅವಳ ಮೇಲೆ ಕೈ ಮಾಡಿದ ಹಾಗಾಯಿತು. ಅಮ್ಮ ತನ್ನ ಬೆರಳನ್ನೇ ನೋಡಿಕೊಳ್ಳುತ್ತಾ, ಗೊತ್ತೇ ಆಗಲಿಲ್ಲ, ಕೈ ತಾನಾಗಿ ಹೋಯಿತು ಎಂದಳು. ಇಬ್ಬರೂ ಅತ್ತೆವು.

ಇಳಿತ ಶುರುವಾಗಿದೆ, ಅಂಡೆ ಬಿಡುವ ಹೊತ್ತು. ಇದು ನಿಮಗೆ ತಲುಪುತ್ತದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉತ್ತರ, ಅದು ನಿಮಗೆ ಗೊತ್ತಿರುವುದೇ. ತಲುಪಿದರೆ ಒಂದು ಬೇಡಿಕೆ ಇದೆ. ಸ್ಪೇನಿನ ಮಾತುಗಳನ್ನು ಬಿಡಿ ಎನ್ನುವುದಿಲ್ಲ, ಹೆಸರು ಬದಲಿಸಿಕೊಳ್ಳಿ ಎನ್ನುವುದಿಲ್ಲ. ಅವು ಸವೆದು ಸವೆದು ನಿಮ್ಮವೇ ಆಗಿವೆ. ಇಷ್ಟು ಮಾಡಿ. ನಿಮ್ಮ ಕೈಯಲ್ಲಿ ಎಣ್ಣೆ ಇದೆ, ತೊಡೆಯ ಮೇಲೆ ಮಗು ಇದೆ, ಎದುರಿಗೆ ಯಾರೋ ಫೋನು ಹಿಡಿದಿದ್ದಾರೆ. ಕಾಲಿಗೆ ಹಚ್ಚಿ, ಬೆನ್ನಿಗೆ ಹಚ್ಚಿ, ನೆತ್ತಿಗೆ ತಟ್ಟಿ. ಆ ಮಗುವಿನ ಮೂಗನ್ನು ಅದರ ಪಾಡಿಗೆ ಬಿಟ್ಟುಬಿಡಿ.

ನಾಳೆ ಬೆಳಗಾಗುವ ತನಕ ನಿಮ್ಮವಳು,
ಲಿಗಾಯ